ಬಾಲದ ಮೇಲಿನ ನಂಬರ್ ಬಿಡಿ, ಎಂಎಸ್‌ಎನ್ ಹಿಡಿಯಿರಿ

ಒಂದು ಏರ್‌ಲೈನ್ ಇನ್ನೊಂದರಲ್ಲಿ ಸೇರಿದಾಗ ಎಲ್ಲರ ಮಾತು ಹೊಸ ಹೆಸರು, ಹೊಸ ಬಣ್ಣದ ಬಗ್ಗೆಯೇ. ವಿಮಾನದ ಕಾಗದಪತ್ರ ಏನಾಯಿತು ಎಂದು ಕೇಳುವವರು ಕಡಿಮೆ. ಹಾಸನದ ಮನೆಯಲ್ಲಿ ಕೂತು ಟೆಕ್ನಿಕಲ್ ರೆಕಾರ್ಡ್ಸ್ ನೋಡುವ ನನ್ನಂಥವರ ತಲೆನೋವು ಶುರುವಾಗುವುದೇ ಅಲ್ಲಿಂದ.

ಹೋದ ಮಳೆಗಾಲದಲ್ಲಿ ಒಂದು ಸಿಆರ್‌ಜೆ-200 ಪಾರ್ಟ್‌ಔಟ್‌ಗೆ, ಅಂದರೆ ಬಿಚ್ಚಿ ಬಿಡಿಭಾಗವಾಗಿ ಮಾರಲು, ಬಂತು. 50 ಸೀಟಿನ ಬೊಂಬಾರ್ಡಿಯರ್ ಜೆಟ್. ಅಮೆರಿಕದಲ್ಲಿ ಹಾರಿ, ಲೀಸ್ ಮೇಲೆ ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಏರ್‌ಲೈನ್ ಇನ್ನೊಂದರಲ್ಲಿ ಸೇರಿದಾಗ ಮೂರನೇ ಹೆಸರು ಹೊತ್ತುಕೊಂಡಿತ್ತು. ಸಣ್ಣ ಜೆಟ್‌ಗಳ ಬಾಳೇ ಹಾಗೆ. ಅಮೆರಿಕದ ಪಿನಾಕಲ್ ಏರ್‌ಲೈನ್ಸ್ 2010ರಲ್ಲಿ ಮೆಸಾಬಾ ಏರ್‌ಲೈನ್ಸನ್ನು ಕೊಂಡಿತು, 2012ರಲ್ಲಿ ತಾನೇ ದಿವಾಳಿ ಅರ್ಜಿ ಹಾಕಿತು, 2013ರಲ್ಲಿ ಡೆಲ್ಟಾ ಕೈಗೆ ಹೋಗಿ ಎಂಡೆವರ್ ಆಯಿತು. ಇಲ್ಲಿ ಏರ್ ಸಹಾರಾವನ್ನು 2007ರಲ್ಲಿ ಜೆಟ್ ಏರ್‌ವೇಸ್ ಕೊಂಡು ಜೆಟ್‌ಲೈಟ್ ಮಾಡಿದಾಗ ಅದರ ಸಿಆರ್‌ಜೆಗಳಿಗೂ ಹೆಸರು ಬದಲಾಯಿತು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಸಣ್ಣ ಎಟಿಆರ್ ವಿಮಾನ ಇಟ್ಟುಕೊಂಡು ಶುರು ಮಾಡಿದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್‌ನೊಳಗೆ ಸೇರಿತು. 2012ರಲ್ಲಿ ಕಿಂಗ್‌ಫಿಷರೇ ನಿಂತುಹೋಯಿತು. ಅದನ್ನು ನೆನೆದರೆ ಹಾಸನದವನಾಗಿ ನನಗೆ ಈಗಲೂ ಬೇಜಾರು.

ಹಳೇ ಸಿಆರ್‌ಜೆಯಲ್ಲಿ ದುಡ್ಡು ಇರುವುದು ಸಿಎಫ್‌34 ಎಂಜಿನ್‌ನಲ್ಲಿ. ಅದರಲ್ಲಿ ಡಿಸ್ಕ್‌ನಂಥ ಕೆಲವು ತಿರುಗುವ ಭಾಗಗಳಿಗೆ ಇಷ್ಟೇ ಬಾಳು ಎಂದು ಗೊತ್ತುಪಡಿಸಿರುತ್ತಾರೆ, ಅವೇ ಎಲ್‌ಎಲ್‌ಪಿ. ಅವು ತಯಾರಾದ ದಿನದಿಂದ ಇಲ್ಲಿಯವರೆಗಿನ ಪೂರ್ತಿ ದಾಖಲೆ, ಅಂದರೆ ಬ್ಯಾಕ್ ಟು ಬರ್ತ್, ಇಲ್ಲದಿದ್ದರೆ ಡಿಸ್ಕ್ ಎಷ್ಟೇ ಚೆನ್ನಾಗಿರಲಿ, ಗುಜರಿಗೆ ಹೋಗಬೇಕು.

ಖರೀದಿದಾರರ ಜೊತೆ ರಾತ್ರಿ ಕಾಲ್. ಹೊರಗೆ ಮಳೆ, ಕರೆಂಟ್ ಇಲ್ಲ, ಯುಪಿಎಸ್ ಮೇಲೆ ಲ್ಯಾಪ್‌ಟಾಪ್. ಅವರ ಎಂಜಿನಿಯರ್ ನೇರವಾಗಿ ಕೇಳಿದರು: ಏಪ್ರಿಲ್ 7ಕ್ಕೆ ವಿಮಾನದಿಂದ ಎಂಜಿನ್ ಇಳಿದಿದೆ, ರಿಪೇರಿ ಶಾಪ್‌ಗೆ ಬಂದದ್ದು ಜುಲೈನಲ್ಲಿ, ನಡುವೆ ಎಲ್ಲಿತ್ತು? ಸಿಎಸ್‌ಎನ್ (ಹೊಸದಾಗಿದ್ದಾಗಿನಿಂದ ಆದ ಹಾರಾಟಗಳ ಲೆಕ್ಕ) ಯಾಕೆ ಹೊಂದುತ್ತಿಲ್ಲ? ಅರ್ಧ ಗಂಟೆ ಕೊಟ್ಟರು. ನಮ್ಮ ಮ್ಯಾನೇಜರ್ ಚಾಟ್‌ನಲ್ಲಿ, "ಸಿಸ್ಟಮ್‌ನಲ್ಲಿ ಇರೋದೇ ಫೈನಲ್, ಆ ಡಿಸ್ಕ್‌ಗಳನ್ನ ಬಿಟ್ಟುಬಿಡಿ" ಎಂದು ಬರೆದರು. ಒಳ್ಳೆಯ ಡಿಸ್ಕ್‌ಗಳನ್ನು ಸುಮ್ನೆ ಬಿಡುವುದು ಹೇಗೆ? ನಾನು ಒಪ್ಪಲಿಲ್ಲ.

ವಿಲೀನ ಮುಗಿದ ಕೂಡಲೇ ಏರ್‌ಲೈನ್‌ನವರು ಹಳೇ ಸಾಫ್ಟ್‌ವೇರ್‌ನ ಲೈಸೆನ್ಸ್ ನಿಲ್ಲಿಸಿದ್ದರು. ಉಳಿದದ್ದು ಸ್ಕ್ಯಾನ್ ಮಾಡಿದ ಪೆಟ್ಟಿಗೆಗಟ್ಟಲೆ ಪುಟ. ರಿಜಿಸ್ಟ್ರೇಷನ್, ಅಂದರೆ ಬಾಲದ ಮೇಲಿನ ನಂಬರ್, ಹಾಕಿ ಹುಡುಕಿದರೆ ಏನೂ ಸಿಗದು. ಅದು ಎರಡು ಸಲ ಬದಲಾಗಿದೆಯಲ್ಲ! ಎಂಎಸ್‌ಎನ್, ಅಂದರೆ ತಯಾರಕರು ಕೊಟ್ಟ, ಎಂದೂ ಬದಲಾಗದ ಸೀರಿಯಲ್ ನಂಬರ್, ಹಿಡಿದು ಹೊರಟೆವು. ಚನ್ನರಾಯಪಟ್ಟಣದಿಂದ ಕೆಲಸ ಮಾಡುವ ಹುಡುಗ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಗಡಿಯಾರ ನೋಡಲೂ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅವನು, "ಅಣ್ಣಾ, ಮೇ ತಿಂಗಳ ಬೋರ್‌ಸ್ಕೋಪ್ ಟಾಸ್ಕ್ ಕಾರ್ಡ್ ನೋಡಿ. ಇದೇ ಇಎಸ್‌ಎನ್, ಎಂಜಿನ್ ರೆಕ್ಕೆಯ ಮೇಲೇ ಇದೆ" ಎಂದ. ಬೋರ್‌ಸ್ಕೋಪ್ ಅಂದರೆ ಎಂಜಿನ್ ಒಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ತಪಾಸಣೆ, ಇಎಸ್‌ಎನ್ ಅಂದರೆ ಎಂಜಿನ್‌ನ ಸೀರಿಯಲ್ ನಂಬರ್. ಅವಸರದಲ್ಲಿ ರೆಕ್ಕೆ ಎಂದುಬಿಟ್ಟಿದ್ದ. ಸಿಆರ್‌ಜೆ ಎಂಜಿನ್ ಇರುವುದು ಹಿಂದೆ, ಬಾಲದ ಪಕ್ಕ. ಆದರೆ ವಿಷಯ ಸರಿಯಾಗಿತ್ತು. ಮೇ ತಿಂಗಳಲ್ಲಿ ಎಂಜಿನ್ ಇಳಿದೇ ಇರಲಿಲ್ಲ.

ಆಮೇಲೆ ಎಂಜಿನ್ ಇಳಿಸಿದಾಗ ಬರೆದ ರಿಮೂವಲ್ ಕಾರ್ಡ್ ಸಿಕ್ಕಿತು. ಅಮೆರಿಕದ ಮೆಕ್ಯಾನಿಕ್ ಕೈಬರಹದಲ್ಲಿ 07/04. ಅವರಲ್ಲಿ ತಿಂಗಳು ಮೊದಲು, ಅಂದರೆ ಜುಲೈ 4. ಡೇಟಾ ಸಾಗಿಸುವಾಗ ಹೊಸ ಸಾಫ್ಟ್‌ವೇರ್ ಅದನ್ನು ಏಪ್ರಿಲ್ 7 ಮಾಡಿಕೊಂಡಿತ್ತು. ಕಾರ್ಡ್ ತೋರಿಸಿದೆ. ಆ ಕಡೆಯವರು ಶಾಪ್‌ನ ಇನ್‌ಕಮಿಂಗ್ ಇನ್‌ಸ್ಪೆಕ್ಷನ್ ಶೀಟ್ ಕೂಡ ಕೇಳಿದರು. ಅದರಲ್ಲೂ ಜುಲೈ, ಅದೇ ಸಿಎಸ್‌ಎನ್. ಡಿಸ್ಕ್‌ಗಳು ಉಳಿದವು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಸಿಸ್ಟಮ್ ತಾರೀಕನ್ನು ನಂಬಬೇಡಿ, ಕಾರ್ಡ್ ತೆಗೆದು ನೋಡಿ. 12ರೊಳಗಿನ ತಾರೀಕಾದರೆ ಎರಡು ಸಲ ನೋಡಿ. ಮ್ಯಾನೇಜ್‌ಮೆಂಟ್‌ಗೆ ಹೇಳುವುದು ಇನ್ನೂ ಜಾಸ್ತಿ ಇದೆ. ಇನ್ನೊಂದು ವಿಲೀನದ ಡೇಟಾ ಕೆಲಸ ಈಗ ನಮ್ಮ ತಂಡಕ್ಕೆ ಬಂದಿದೆ. ಕೊನೆಯ ಡಿಸ್ಕ್ ಶೀಟ್ ತಾಳೆ ನೋಡುವವರೆಗೆ ಹಳೇ ಸಾಫ್ಟ್‌ವೇರನ್ನು ಓದಲಿಕ್ಕಾದರೂ ತೆರೆದಿಡಿಸಿ ಎಂದು ಮೇಲ್ ಹಾಕಿದೆ. ಬಜೆಟ್ ಇಲ್ಲ ಎಂಬ ಉತ್ತರ ಬಂತು. ಈ ಎಂಜಿನ್‌ನ ಎರಡೂ ತಾರೀಕು ಲಗತ್ತಿಸಿ ಮತ್ತೆ ಕಳಿಸಿದ್ದೇನೆ.