ಹಿಪ್ ರಿಪ್ಲೇಸ್‌ಮೆಂಟ್ ಲಾಗ್: ಕುರ್ಚಿ ಮೇಲೆ ಕಳೆದ ಧನುರ್ಮಾಸ

ಆಪರೇಷನ್‌ಗೆ ಮುಂಚೆ ಏನೇನು ತಯಾರಿ ಮಾಡ್ಕೊಂಡೆ ಅಂತ ಹೋದ್ ಸಲ ಬರ್ದಿದ್ದೆ, ಇದು ಆಮೇಲಿನ ವಾರಗಳದ್ದು. ಹೊಸದಾಗಿ ಓದ್ತಿರೋರಿಗೆ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ನನಗೊಂದು ಚರ್ಮದ ಕಾಯಿಲೆ, ಅದಕ್ಕೆ ತುಂಬಾ ವರ್ಷ ಸ್ಟೀರಾಯ್ಡ್ ಮಾತ್ರೆ ನುಂಗ್ಬೇಕಾಯ್ತು, ಅದ್ರಿಂದ ಎಡಗಾಲಿನ ತೊಡೆ ಮೂಳೆ ತುದಿಯ ಚೆಂಡಿಗೆ ರಕ್ತ ಹೋಗೋದು ಕಮ್ಮಿಯಾಗಿ ಮೂಳೆ ಸತ್ತು ಕುಸಿದುಹೋಯ್ತು. ಡಾಕ್ಟ್ರು ಇದಕ್ಕೆ ಎವಿಎನ್ ಅಂತಾರೆ. ನವೆಂಬರ್ ಕೊನೇಲಿ ಮೈಸೂರಲ್ಲಿ ಆ ಸೊಂಟದ ಕೀಲು ಬದಲಾಯ್ಸೋ ಆಪರೇಷನ್ ಆಯ್ತು. ಸಿಮೆಂಟ್ ಹಾಕ್ದೆ ಕೂರ್ಸೋ ಟೈಟಾನಿಯಂ ಕಡ್ಡಿ, ಅದರ ಮೇಲೆ ಸೆರಾಮಿಕ್ ಚೆಂಡು, ಆ ಚೆಂಡು ಕೂರೋ ಬಟ್ಟಲೊಳಗೆ ಗಟ್ಟಿ ಪ್ಲಾಸ್ಟಿಕ್ ಪದರ (ಲೈನರ್). ಈಗ ನನ್ ಸೊಂಟದಲ್ಲಿರೋದು ಇದು.

ಆಸ್ಪತ್ರೆ

ಮಾರನೇ ದಿನ ಬೆಳಿಗ್ಗೆನೇ ಎಬ್ಬಿಸಿ ನಿಲ್ಸಿದ್ರು. ಮಂಚದ ತುದೀಲಿ ಕೂತ ತಕ್ಷಣ ಕಣ್ಣು ಕತ್ತಲೆ ಬಂತು, ವಾಪಸ್ ಮಲಗ್ಸಿದ್ರು, ಹಿಮೋಗ್ಲೋಬಿನ್ ಇಳಿದಿತ್ತಂತೆ, ದೊಡ್ಡ ಆಪರೇಷನ್‌ನಲ್ಲಿ ರಕ್ತ ಹೋಗಿರತ್ತೆ ಇದೆಲ್ಲ ಇದ್ದಿದ್ದೇ ಅಂದ್ರು, ಸಾಯಂಕಾಲ ಮತ್ತೆ ಎದ್ದು ವಾಕರ್ ಹಿಡ್ಕೊಂಡು ರೂಮಿನ ಬಾಗಿಲ ತನಕ ಹೋಗಿ ಬಂದೆ. ಗಾಯದ ನೋವಿತ್ತು, ಚೆನ್ನಾಗೇ ಇತ್ತು. ಆದ್ರೆ ಇಷ್ಟು ವರ್ಷ ತೊಡೆ ಸಂದೀಲಿ ಕೊರೀತಿದ್ದ ಹಳೇ ನೋವು ಇರ್ಲಿಲ್ಲ! ಕಾಲು ಊರಿದ ಕೂಡ್ಲೇ ಅದು ಗೊತ್ತಾಗ್ಬಿಡತ್ತೆ, ಇದನ್ನ ಯಾರು ಎಷ್ಟು ಹೇಳಿದ್ರೂ ನಾನು ನಂಬ್ತಿರ್ಲಿಲ್ಲ.

ನಂದು ಹಿಂದಿನಿಂದ ಕುಯ್ದು ಮಾಡಿದ್ದು, ಅದಕ್ಕೆ ಮೂರು ನಿಯಮ. ಸೊಂಟದಿಂದ 90 ಡಿಗ್ರಿಗಿಂತ ಜಾಸ್ತಿ ಬಗ್ಗೋ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕೋ ಹಾಗಿಲ್ಲ, ಆಪರೇಷನ್ ಆದ ಕಾಲನ್ನ ಒಳಗಡೆಗೆ ತಿರುಗ್ಸೋ ಹಾಗಿಲ್ಲ. ಸುತ್ತಲಿನ ಸ್ನಾಯು ವಾಪಸ್ ಕೂಡ್ಕೊಂಡು ಗಟ್ಟಿಯಾಗೋ ತನಕ ಚೆಂಡು ಬಟ್ಟಲಿಂದ ಜಾರೋ ಅಪಾಯ ಇರತ್ತೆ. ಮುಂದಿನಿಂದ ಮಾಡಿಸ್ಕೊಂಡೋರಿಗೆ ನಿಯಮ ಬೇರೆ ಇರ್ಬಹುದು, ನಿಮ್ ಡಾಕ್ಟ್ರು ಹೇಳಿದ್ದೇ ನಿಮಗೆ ಲೆಕ್ಕ. ನನಗೆ ಇದ್ರಲ್ಲಿ ಮೊದಲನೇದೇ ಕಷ್ಟ ಆಗಿದ್ದು. 90 ಡಿಗ್ರಿ ಅಂದ್ರೆ ಕೇಳೋಕೆ ದೊಡ್ಡದು ಅನ್ಸತ್ತೆ, ಆದ್ರೆ ತಗ್ಗಿನ ಸೋಫಾದಿಂದ ಏಳೋಕೆ ಮುಂದಕ್ಕೆ ವಾಲಿದ್ರೆ ಮುಗೀತು, ಬಿದ್ದ ಬಾಚಣಿಗೆ ಎತ್ಕೊಳೋಕೆ ಹೋದ್ರೆ ಮುಗೀತು, ಕಾಲ ಹತ್ರ ಇರೋ ಹೊದಿಕೆ ಎಳ್ಕೊಳೋಕೆ ಬಗ್ಗಿದ್ರೂ ಮುಗೀತು.

ಮನೆ

ನಮ್ದು ಹಾಸನದಲ್ಲಿ ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಎಲ್ಲಾ ಬಾಗಿಲಿಗೂ ಹೊಸಿಲು. ನೆಲ ಒಣಗಿದ್ರೂ ನುಣುಪು, ಒದ್ದೆ ಆದ್ರಂತೂ ಕೇಳೋದೇ ಬೇಡ. ಮಗಳು ಮೊದ್ಲು ಮಾಡಿದ್ ಕೆಲಸ ಎಲ್ಲಾ ಕಾಲೊರೆಸೋ ಬಟ್ಟೆ ಎತ್ತಿ ಅಟ್ಟಕ್ಕೆ ಹಾಕಿದ್ದು, ಆಮೇಲೆ ಮಂಚದ ಕಾಲಿಗೆ ಮರದ ದಿಮ್ಮಿ ಕೊಟ್ಟು ಎತ್ತರ ಮಾಡ್ಸಿದ್ದು, ಕಮೋಡ್ ಮೇಲೆ ಎತ್ತರದ ಸೀಟು ಕೂರ್ಸಿದ್ದು. ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗೇ ಇರ್ಬೇಕು, ಅಳತೆ ಅಷ್ಟೇ. ನಮ್ ಮನೇಲಿ ಆ ಅಳತೆಗೆ ಸರಿಹೋಗಿದ್ದು ನಮ್ಮ ಮಾವನವ್ರ ಕಾಲದ ಕೈ ಇರೋ ಬೆತ್ತದ ಕುರ್ಚಿ, ಅದರ ಮೇಲೊಂದು ಗಟ್ಟಿ ದಿಂಬು. ಈ ವಾರಗಳೆಲ್ಲ ಅದ್ರಲ್ಲೇ ಕಳೆದೆ.

ಹೊಸಿಲು ದಾಟೋದನ್ನ ಫಿಸಿಯೋ ಹುಡುಗಿ ಬೇರೆಯಾಗಿ ಹೇಳ್ಕೊಟ್ಳು. ಹೊಸಿಲಿಗೆ ಹತ್ರ ಹೋಗಿ ನಿಂತು, ವಾಕರ್‌ನ ನಾಲ್ಕೂ ಕಾಲು ಆಚೆ ಊರಿ, ರಬ್ಬರ್ ಬುಷ್ ಸರಿಯಾಗಿ ಕೂತಿದ್ಯಾ ನೋಡಿ, ಕೈ ಮೇಲೆ ಭಾರ ಹಾಕಿ, ಆಪರೇಷನ್ ಕಾಲು ದಾಟಿಸಿ, ಆಮೇಲೆ ಇನ್ನೊಂದು. ಮೆಟ್ಟಿಲಿಗೆ ಬೇರೆ: ಹತ್ತುವಾಗ ಒಳ್ಳೇ ಕಾಲು ಮೊದ್ಲು, ಇಳಿಯುವಾಗ ಆಪರೇಷನ್ ಕಾಲು ಮೊದ್ಲು. ವಾಕರ್‌ಗೆ ಒಂದು ಬಟ್ಟೆ ಚೀಲ ತಗಲಾಕ್ಕೊಳ್ಳಿ, ಫೋನು, ನೀರಿನ ಬಾಟ್ಲು, ಕನ್ನಡಕ ಎಲ್ಲಾ ಅದ್ರಲ್ಲಿ, ಯಾಕಂದ್ರೆ ಎರಡೂ ಕೈ ವಾಕರ್ ಮೇಲಿರೋವಾಗ ಒಂದು ಲೋಟ ಕಾಫಿ ಕೂಡ ಈ ರೂಮಿಂದ ಆ ರೂಮಿಗೆ ತಗೊಂಡ್ ಹೋಗೋಕಾಗಲ್ಲ.

ಮಾತ್ರೆ ವಿಷ್ಯ ಸ್ವಲ್ಪ ಒತ್ತಿ ಹೇಳ್ತೀನಿ. ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳಿ, ನೋವು ಏರಿದ್ಮೇಲೆ ತಗೊಂಡ್ರೆ ಅದು ಇಳಿಯೋಕೆ ತುಂಬಾ ಹೊತ್ತು ಬೇಕು. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ತಗೊಂಡ್ರೆ ಕಾಲು ಮಾತು ಕೇಳತ್ತೆ. ಟ್ರಮಡಾಲ್ ಥರದ ಜೋರು ನೋವಿನ ಮಾತ್ರೆ ಕೊಟ್ಟಿದ್ರೆ ಮಲಬದ್ಧತೆ ಗ್ಯಾರಂಟಿ, ಮೊದಲನೇ ದಿನದಿಂದ್ಲೇ ಇಸಬ್‌ಗೋಲ್, ಪರಂಗಿ ಹಣ್ಣು, ಬಿಸಿನೀರು ಶುರು ಮಾಡಿ, ಎತ್ತರದ ಕಮೋಡ್ ಮೇಲೆ ಕೂತು ತಿಣುಕೋದು ಯಾವ ವೈರಿಗೂ ಬೇಡ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ ಹಿಪ್‌ಗೆ ಸಾಮಾನ್ಯವಾಗಿ 35 ದಿನದ ತನಕ ಇರತ್ತೆ, ಅದನ್ನ ಒಂದು ಹೊತ್ತೂ ತಪ್ಪಿಸ್ಬೇಡಿ. ಅದರ ಜೊತೆಗೆ ಎಚ್ಚರ ಇರೋವಾಗ ಗಂಟೆಗೊಂದ್ ಸಲ ಪಾದ ಮೇಲೆ ಕೆಳಗೆ ಆಡಿಸ್ತಾನೇ ಇರ್ಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು, ಊತ, ಕೆಂಪು, ಇಲ್ಲಾ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ ಹಾಗೆ ಆಗೋದು, ಎದೆ ನೋವು, ಗಾಯದಿಂದ ನೀರು ಅಥವಾ ಕೀವು, ಜ್ವರ, ಅಥವಾ ದಿಢೀರ್ ನೋವು ಬಂದು ಕಾಲು ಗಿಡ್ಡ ಆದ ಹಾಗೆ ತಿರುಚ್ಕೊಂಡ ಹಾಗೆ ಕಾಣೋದು, ಇದ್ರಲ್ಲಿ ಯಾವ್ದಾದ್ರೂ ಆದ್ರೆ ಬೆಳಿಗ್ಗೆ ನೋಡೋಣ ಅನ್ಬೇಡಿ, ರಾತ್ರಿನೇ ಹೊರಡಿ. ನಮ್ಮನೆಯವ್ರು ಈ ಪಟ್ಟೀನ ದೊಡ್ಡ ಅಕ್ಷರದಲ್ಲಿ ಬರ್ದು ಫ್ರಿಜ್ ಮೇಲೆ ಅಂಟಿಸಿದಾರೆ.

ಸಾಯಂಕಾಲ ಆಗ್ತಾ ಪಾದ ಊದೋದು, ತೊಡೆ ಹಿಂದಿನ ನೀಲಿ ಗುರುತು ಮಂಡಿ ತನಕ ಇಳಿಯೋದು, ಆ ಕಾಲು ಉದ್ದ ಆಗಿದೆ ಅನ್ನಿಸೋದು, ಇದೆಲ್ಲ ನನಗೂ ಆಯ್ತು, ಡಾಕ್ಟ್ರಿಗೆ ತೋರಿಸಿ ಗಾಬರಿ ಇಲ್ಲ ಅನ್ಸ್ಕೊಂಡೆ.

ಕಾಲುಂಗುರ

ಆಪರೇಷನ್‌ಗೆ ಒಳಗೆ ಹೋಗೋ ಮುಂಚೆ ಮೈಮೇಲಿದ್ದ ಒಡವೆ ಎಲ್ಲಾ ತೆಗಿಸ್ತಾರೆ. ತಾಳಿ, ಬಳೆ ವಾರ್ಡಿಗೆ ಬಂದ್ಮೇಲೆ ಹಾಕ್ಕೊಂಡೆ. ಕಾಲುಂಗುರ ಹಾಕ್ಕೊಳೋಕೆ ಪಾದ ಕೈಗೆ ಎಟುಕ್ಬೇಕಲ್ಲ! ಮನೆಗೆ ಬಂದಾಗ ಬೆರಳೂ ಊದಿತ್ತು, ಒಂದು ಪೊಟ್ಟಣದಲ್ಲಿ ಕಟ್ಟಿ ದೇವರ ಗೂಡಲ್ಲಿ ಇಟ್ಟಿದ್ವಿ. ಅದು ನೋಡಿದಾಗೆಲ್ಲ ನನಗೆ ಸಂಕಟ ಆಗ್ತಿತ್ತು, ಯಾರಿಗೂ ಹೇಳ್ಲಿಲ್ಲ. ಒಂದು ಬೆಳಿಗ್ಗೆ ಊತ ಕಮ್ಮಿ ಇತ್ತು, ನಮ್ಮನೆಯವ್ರು ಓದೋ ಕನ್ನಡಕ ಹಾಕ್ಕೊಂಡು ನನ್ ಕುರ್ಚಿ ಮುಂದೆ ನೆಲದ ಮೇಲೆ ಕೂತು, ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಉಂಗುರದ ಬಾಯಿ ಸ್ವಲ್ಪ ಅಗಲ ಮಾಡಿ ನಿಧಾನಕ್ಕೆ ಏರಿಸಿದ್ರು. "ನೋವಾದ್ರೆ ಹೇಳೇ" ಅಂದ್ರು. "ಇಲ್ಲ ರೀ" ಅಂದೆ, ಅಳು ಬಂತು. ಮೂವತ್ತು ವರ್ಷಕ್ಕೂ ಮೇಲೆ ಅವ್ರ ಊಟ ತಿಂಡಿ ಬಟ್ಟೆ ಎಲ್ಲಾ ನೋಡ್ಕೊಂಡಿರೋಳು ನಾನು, ಅವ್ರು ನನ್ ಪಾದ ಹಿಡ್ಕೊಂಡಿರೋದು ನೋಡೋಕೆ ಮನಸ್ಸು ಒಪ್ತಿರ್ಲಿಲ್ಲ, ಆದ್ರೆ ಅವ್ರಿಗೆ ಅದರಲ್ಲಿ ಒಂಚೂರೂ ಬೇಜಾರು ಇರ್ಲಿಲ್ಲ, ಆಮೇಲೆ ದಿನಾ ಸಾಕ್ಸ್ ಹಾಕೋದೂ ಅವ್ರೇ ವಹಿಸ್ಕೊಂಡ್ರು.

ಎರಡನೇ ವಾರದಿಂದ ಮನಸ್ಸು

ಇದನ್ನ ಬರೀಬೇಕು ಅಂತಾನೇ ಈ ಲಾಗ್ ಶುರು ಮಾಡಿದ್ದು. ಮೊದಲ ವಾರ ಒಂಥರಾ ಜೋರಲ್ಲಿ ಹೋಗತ್ತೆ, ಎಲ್ಲರೂ ಬರ್ತಾರೆ, ಫೋನ್ ಮಾಡ್ತಾರೆ, ದಿನಾ ಹತ್ತು ಹೆಜ್ಜೆ ಜಾಸ್ತಿ ಹಾಕ್ತೀವಿ. ಹೊಲಿಗೆ ಬದಲು ಹಾಕಿದ್ದ ಕ್ಲಿಪ್ ತೆಗೆದ್ಮೇಲೆ ಗಾಯ ಒಣಗ್ತಾ ಇದೆ, ಡಾಕ್ಟ್ರು ಖುಷಿ, ಮನೆಯವ್ರು ಖುಷಿ, ಆಗ ನನಗೆ ಒಳಗಡೆ ಕುಸಿಯೋಕೆ ಶುರು ಆಯ್ತು. ರಾತ್ರಿ ಮೂರು ಗಂಟೆಗೆ ಎಚ್ಚರ, ಕಾಲ ಮಧ್ಯ ದಿಂಬು ಇಟ್ಕೊಂಡು ಅಂಗಾತ ಮಲಗಿ ಮಲಗಿ ಬೆನ್ನೆಲ್ಲ ಉರಿ, ಮಗ್ಗುಲಾಗೋ ಹಾಗಿಲ್ಲ, ಪಕ್ಕದಲ್ಲಿ ಮಲಗಿರೋರನ್ನ ಎಬ್ಬಿಸೋಕೆ ಮನಸ್ಸಿಲ್ಲ, ಬಾತ್‌ರೂಮಿಗೆ ಹೋಗ್ಬೇಕು, ಎಬ್ಬಿಸ್ಲೇಬೇಕು. ಬೆಳಿಗ್ಗೆ ಕಾರಣ ಇಲ್ದೆ ಕಣ್ಣೀರು. ನೋಡೋಕೆ ಬಂದೋರು ಒಬ್ರು ಕಾಫಿ ಕುಡೀತಾ ಯಾರಿಗೋ ಕೀಲು ಜಾರಿ ಮತ್ತೆ ಆಪರೇಷನ್ ಮಾಡ್ಸಿದ ಕಥೆ ಪೂರ್ತಿ ಹೇಳಿ ಹೋದ್ರು. ರೋಗಿ ನೋಡೋಕೆ ಹೋಗೋರು ದಯವಿಟ್ಟು ಇಂಥ ಕಥೆ ಹೇಳ್ಬೇಡಿ.

ಅಕ್ಕ ಚನ್ನರಾಯಪಟ್ಟಣದಿಂದ ಬಂದಿದ್ಲು. ತಲೆಗೆ ಎಣ್ಣೆ ಹಚ್ತಾ "ಆಪರೇಷನ್ ಚೆನ್ನಾಗಾಯ್ತಲ್ಲ ಕಣೇ, ಮತ್ತೆ ಯಾಕೆ ಮುಖ ಹಿಂಗೆ" ಅಂದ್ಲು. ನನಗೂ ಅದೇ ಪ್ರಶ್ನೆ. ಫಿಸಿಯೋ ಹುಡುಗಿನ ಕೇಳಿದೆ, ಅವಳು ಆಶ್ಚರ್ಯ ಪಡ್ಲೇ ಇಲ್ಲ, "ಆಂಟಿ, ಎಷ್ಟೋ ಜನ ಅಳ್ತಾರೆ, ಹೇಳ್ಕೊಳಲ್ಲ ಅಷ್ಟೇ" ಅಂದ್ಲು. ನಿದ್ದೆ ಕೆಟ್ಟಿರತ್ತೆ, ಹಿಮೋಗ್ಲೋಬಿನ್ ಕಮ್ಮಿ ಇರತ್ತೆ, ನೋವಿನ ಮಾತ್ರೆಯಿಂದ ಮಂಕು, ಎಲ್ಲದಕ್ಕೂ ಇನ್ನೊಬ್ಬರನ್ನ ಕರೀಬೇಕು. ಇಷ್ಟೆಲ್ಲ ಒಟ್ಟಿಗೆ ಬಿದ್ರೆ ಮನಸ್ಸು ಬಾಡದೆ ಇನ್ನೇನಾಗತ್ತೆ ಹೇಳಿ. ಅವತ್ತು ರಾತ್ರಿ ಮನೇಲಿ ಎಲ್ಲರಿಗೂ ಬಾಯ್ಬಿಟ್ಟು ಹೇಳ್ಬಿಟ್ಟೆ, ನನಗೆ ಭಯ ಆಗ್ತಿದೆ, ಅಳು ಬರ್ತಿದೆ ಅಂತ. ಹೇಳಿದ್ಮೇಲೆ ಮಗಳು ಮಧ್ಯಾಹ್ನ ಲ್ಯಾಪ್‌ಟಾಪ್ ತಂದು ನನ್ ರೂಮಲ್ಲೇ ಕೂತು ಕೆಲಸ ಮಾಡೋಕೆ ಶುರು ಮಾಡಿದ್ಲು, ಮಾತಾಡೋದೇನೂ ಇರ್ಲಿಲ್ಲ, ಅವಳು ಟೈಪ್ ಮಾಡೋ ಸದ್ದಿಗೇ ನನಗೆ ನಿದ್ದೆ ಬರ್ತಿತ್ತು. ರಕ್ತ ಪರೀಕ್ಷೆ ಮಾಡ್ಸಿ ಕಬ್ಬಿಣದ ಮಾತ್ರೆ ಶುರುವಾಯ್ತು, ರಾಗಿ ಅಂಬಲಿ, ಸೊಪ್ಪು ಜಾಸ್ತಿ ಆಯ್ತು, ರಾತ್ರಿ ಮಾತ್ರೆ ಹೊತ್ತನ್ನ ಡಾಕ್ಟ್ರನ್ನ ಕೇಳಿ ಮಲಗೋಕೆ ಹತ್ರ ಮಾಡ್ಕೊಂಡ್ವಿ. ನಿಧಾನಕ್ಕೆ ತಿಳಿಯಾಯ್ತು. ಎರಡು ವಾರ ಆದ್ರೂ ಮಂಕು ಬಿಡ್ದೇ ಇದ್ರೆ, ಊಟ ಬೇಡ ಬದುಕು ಬೇಡ ಅನ್ನೋ ಹಾಗೆ ಆದ್ರೆ ಡಾಕ್ಟ್ರಿಗೆ ಹೇಳಿ, ಇಲ್ಲಾಂದ್ರೆ ಮನಸ್ಸಿನ ಕಷ್ಟ ಹೇಳ್ಕೊಳೋಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದ್ರೆ ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ.

ನಿದ್ದೆ ಬರದ ರಾತ್ರಿಗಳಲ್ಲಿ ನನ್ನೊಳಗಿರೋ ಈ ಕೀಲನ್ನ ಮಾಡಿದೋರು ಯಾರು ಅಂತ ಓದ್ತಿದ್ದೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೇಲಿ ಜಾನ್ ಚಾರ್ನ್ಲಿ ಅನ್ನೋ ಸರ್ಜನ್. ಮೊದ್ಲು ಬಟ್ಟಲಿಗೆ ಟೆಫ್ಲಾನ್ ಅನ್ನೋ ಪ್ಲಾಸ್ಟಿಕ್ ಹಾಕ್ತಿದ್ರಂತೆ, ಕೆಲವೇ ವರ್ಷಕ್ಕೆ ಅದು ಸವೆದು ಪುಡಿಯಾಗಿ ರೋಗಿಗಳಿಗೆ ಮತ್ತೆ ಆಪರೇಷನ್ ಮಾಡ್ಬೇಕಾಯ್ತು, ಆ ಪುಡಿ ಮೈಗೆ ಏನು ಮಾಡತ್ತೆ ಅಂತ ತಿಳ್ಕೊಳೋಕೆ ತಮ್ಮ ತೊಡೆಗೇ ಸೇರಿಸ್ಕೊಂಡು ನೋಡಿದ್ರಂತೆ. ಆಮೇಲೆ ಪಾಲಿಎಥಿಲೀನ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಸಿಕ್ಕಿ 1962ರಿಂದ ಅದನ್ನ ಹಾಕೋಕೆ ಶುರು ಮಾಡಿದ್ರು. ನನ್ ಬಟ್ಟಲೊಳಗಿನ ಪ್ಲಾಸ್ಟಿಕ್ ಅದರದ್ದೇ ಇವತ್ತಿನ ಗಟ್ಟಿ ರೂಪ. ಇದು ಓದಿದ್ಮೇಲೆ ಸೊಂಟದಲ್ಲಿ ಏನೋ ಹೊರಗಿನ ವಸ್ತು ಕೂತಿದೆ ಅನ್ನೋ ಹೆದ್ರಿಕೆ ಎಷ್ಟೋ ಕಮ್ಮಿ ಆಯ್ತು ನನಗೆ.

ನೆಲ

ಡಾಕ್ಟ್ರು ಮೊದ್ಲೇ ಹೇಳಿದ್ರು, ಚಕ್ಕಳಮಕ್ಕಳ ಹಾಕಿ ಕೂರೋದು, ಕುಕ್ಕರಗಾಲು, ಇಂಡಿಯನ್ ಟಾಯ್ಲೆಟ್ ಇದೆಲ್ಲ ಇನ್ನು ಬಿಟ್ಟಂಗೇ ಅಂತ. ತಲೆ ಆಡಿಸಿದ್ದೆ. ಧನುರ್ಮಾಸ ಬಂದ್ಮೇಲೆ ಅದರ ಅರ್ಥ ತಿಳೀತು. ಬೆಳಗಿನ ಜಾವ ಹೊಸಿಲು ತೊಳೆದು ಅರಿಶಿನ ಕುಂಕುಮ ಇಟ್ಟು ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕೋದು ನನ್ ಕೆಲಸ, ಮದುವೆಯಾಗಿ ಬಂದಾಗಿನಿಂದ. ದೇವರ ಮುಂದೆ ಮಣೆ ಮೇಲೆ ಕೂರೋದು, ನೆಲದ ಮೇಲೆ ಎಲೆ ಹಾಕಿ ಊಟ, ಸೊಪ್ಪು ಬಿಡಿಸೋದು, ಅವರೆಕಾಳು ಹಿದುಕೋದು, ನಮ್ ಜೀವನ ಅರ್ಧ ನೆಲದ ಮೇಲೇ ಅಲ್ವಾ. ಅದು ಹೋಯ್ತಲ್ಲ ಅನ್ನೋ ದುಃಖ ನಿಜವಾದ ದುಃಖ, ಅದನ್ನ ಚಿಕ್ಕದು ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ.

ಅದಕ್ಕೆ ಮಗಳು ಊಟದ ಟೇಬಲ್ ಮೇಲೆ ಒಂದು ಪ್ಲೈವುಡ್ ಹಲಗೆ ಹಾಕಿ ಅದಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ ಕೊಟ್ಳು. ಮಧ್ಯದ ಸಾಲು 15 ಚುಕ್ಕಿ, ಎರಡೂ ಕಡೆ ಒಂದೊಂದು ಕಮ್ಮಿ ಮಾಡ್ತಾ 8ಕ್ಕೆ ನಿಲ್ಸೋದು. ಮೊದಲನೇ ಸಲ ಅರ್ಧಕ್ಕೇ ಕೈ ಸೋತಿತು, ಎಳೆ ದಪ್ಪ ಸಣ್ಣ ಆಯ್ತು, ನೆಲದ ಮೇಲೆ ಬಗ್ಗಿ ಎಳೆಯೋ ಕೈಗೆ ಟೇಬಲ್ ಎತ್ತರ ಹೊಂದಲ್ಲ, ಭುಜ ಎತ್ಬೇಕಾಗತ್ತೆ. ಈಗ ಒಂದು ಉಪಾಯ: ಎತ್ತರದ ಕುರ್ಚೀಲಿ ನೆಟ್ಟಗೆ ಕೂತು ಹಲಗೇನ ನನ್ ಕಡೆ ಎಳ್ಕೊಂಡು, ಹತ್ರದ ಅರ್ಧ ಮುಗಿಸಿ, ಹಲಗೆ ತಿರುಗಿಸಿ ಇನ್ನರ್ಧ ಹಾಕೋದು. ಹೀಗೆ ಮಾಡಿದ್ರೆ ಮುಂದಕ್ಕೆ ಬಗ್ಗೋ ಪ್ರಮೇಯನೇ ಇಲ್ಲ. ಮುಗಿದ್ಮೇಲೆ ಮಗಳು ಹಲಗೆ ಎತ್ಕೊಂಡು ಹೋಗಿ ಬಾಗಿಲ ಪಕ್ಕ ಜಗಲಿ ಮೇಲೆ ಇಡ್ತಾಳೆ. ಹೊಸಿಲಿಗೆ ಅರಿಶಿನ ಕುಂಕುಮ ಅವಳೇ ಇಡ್ತಾಳೆ.

ಈಗ ಎಲ್ಲಿದೀನಿ

ಒಳಗಡೆ ವಾಕರ್ ಬಿಟ್ಟು ಬಲಗೈಯಲ್ಲಿ ಕೋಲು ಹಿಡ್ಕೊಂಡು ಓಡಾಡ್ತಿದೀನಿ. ಎಡಗಾಲು ಆಪರೇಷನ್ ಆಗಿದ್ರೆ ಕೋಲು ಬಲಗೈಯಲ್ಲಿ ಇರ್ಬೇಕು, ತುಂಬಾ ಜನ ಅದೇ ಕಡೆ ಹಿಡೀತಾರೆ, ನೋಡ್ಕೊಳ್ಳಿ. ಬೀದಿ ಕೊನೆ ತನಕ ಹೋಗಿ ಬರ್ತೀನಿ, ಹೊರಗೆ ವಾಕರ್ರೇ. ನಿಂತ್ಕೊಂಡು ಕಾಲು ಪಕ್ಕಕ್ಕೆ ಎತ್ತೋ ವ್ಯಾಯಾಮ ಇನ್ನೂ ಕಷ್ಟ, ಆ ಸ್ನಾಯು ಗಟ್ಟಿಯಾಗೋ ತನಕ ಓಲಾಟ ಹೋಗಲ್ಲ ಅಂದಿದಾಳೆ ಫಿಸಿಯೋ. ಚಳೀಗೆ ಬೆಳಿಗ್ಗೆ ಬಿಗಿತ ಜಾಸ್ತಿ, ಹತ್ತು ನಿಮಿಷ ಓಡಾಡಿದ್ರೆ ಸರಿಹೋಗತ್ತೆ. ಅಡುಗೆಮನೇಲಿ ಒಗ್ಗರಣೆ ಹಾಕೋವಷ್ಟು ಹೊತ್ತು ನಿಲ್ತೀನಿ.

ಸಂಕ್ರಾಂತಿ ಆದ್ಮೇಲೆ ಮೈಸೂರಿಗೆ ಎಕ್ಸ್‌ರೇಗೆ ಹೋಗೋದಿದೆ. ಡಾಕ್ಟ್ರನ್ನ ಕೇಳೋದು ಬರ್ದಿಟ್ಕೊಂಡಿದೀನಿ: ಮಗ್ಗುಲಾಗಿ ಯಾವಾಗಿಂದ ಮಲಗ್ಬಹುದು, 90 ಡಿಗ್ರಿ ನಿಯಮ ಎಷ್ಟು ತಿಂಗಳು, ದೇವಸ್ಥಾನದ ಮೆಟ್ಟಿಲು ಹತ್ತಬಹುದಾ, ಹಲ್ಲು ಕೀಳಿಸ್ಬೇಕಾಗಿ ಬಂದ್ರೆ ಮುಂಚೆ ಆಂಟಿಬಯೋಟಿಕ್ ಬೇಕಾ, ಸ್ಟೀರಾಯ್ಡ್ ತಗೊಂಡಿರೋದ್ರಿಂದ ಬಲಗಡೆ ಕೀಲಿಗೂ ಎಂಆರ್‌ಐ ಮಾಡಿಸ್ಬೇಕಾ. ಎವಿಎನ್ ಎರಡೂ ಕಡೆ ಬರೋದುಂಟು, ಅದಕ್ಕೇ ಕೊನೇ ಪ್ರಶ್ನೇನ ಮೊದ್ಲು ಕೇಳ್ತೀನಿ. ಅವ್ರು ಏನಂದ್ರು ಅನ್ನೋದು ಮುಂದಿನ ಲಾಗ್‌ನಲ್ಲಿ.