ಗುಜರಿಯವರು ಬೇಡ ಅಂದ ಸಾಮಾನು

ಕಸ ಕಡಿಮೆ ಮಾಡೋದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ನೋಡಿದ ವಿಡಿಯೋಗಳಿಗೆ ಲೆಕ್ಕವಿಲ್ಲ. ಬಹಳಷ್ಟು ಮನಸ್ಸಿನಲ್ಲಿ ಉಳಿಯಲಿಲ್ಲ. ಬಿದಿರಿನ ಬ್ರಷ್ ತಗೊಳ್ಳಿ, ಚೆಂದದ ಗಾಜಿನ ಜಾಡಿ ತಗೊಳ್ಳಿ, ಸ್ಟೀಲ್ ಸ್ಟ್ರಾ ತಗೊಳ್ಳಿ ಅಂತ ಏನಾದರೂ ಒಂದು ಕೊಳ್ಳೋದಕ್ಕೇ ಹೇಳುತ್ತವೆ. ಉಳಿದದ್ದು ಒಂದು, ಜಪಾನಿನ ಕಾಮಿಕಾಟ್ಸು ಅನ್ನೋ ಊರಿನದು.

ಶಿಕೊಕು ದ್ವೀಪದಲ್ಲಿ ಬೆಟ್ಟಗಳ ನಡುವೆ ಇರುವ ಪುಟ್ಟ ಊರು ಅದು. ಇನ್ನು ಮುಂದೆ ಕಸ ಸುಡೋದೂ ಬೇಡ, ಹೂಳೋದೂ ಬೇಡ, ಅದಕ್ಕಾಗಿಯೇ ದುಡಿಯೋಣ ಅಂತ 2003ರಲ್ಲೇ ಆ ಊರು ತೀರ್ಮಾನ ಮಾಡಿತು. ಅಲ್ಲಿ ಮನೆ ಮುಂದೆ ಕಸದ ಗಾಡಿ ಬರೋದಿಲ್ಲ. ಜನರೇ ಎಲ್ಲವನ್ನೂ ತೊಳೆದು, ಒಣಗಿಸಿ, ಕೇಂದ್ರಕ್ಕೆ ತಂದು 40ಕ್ಕೂ ಹೆಚ್ಚು ಬಗೆಯಾಗಿ ಬೇರೆ ಮಾಡಿ ಹಾಕುತ್ತಾರೆ. ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ, ಮುಂದೆ ಏನಾಗುತ್ತದೆ ಅಂತ ಡಬ್ಬಗಳ ಮೇಲೆ ಬರೆದಿಟ್ಟಿದ್ದಾರೆ. ಊರಿನ ಕಸದಲ್ಲಿ ನೂರಕ್ಕೆ 80ರಷ್ಟು ಮರುಬಳಕೆಗೆ ಹೋಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬರಹ. ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ.

ನಮ್ಮ ಕಡೆ ಹೇಗೆ? 2016ರ ನಿಯಮ ಹಸಿ, ಒಣ, ಅಪಾಯದ ಕಸ ಅಂತ ಮೂರು ಮಾಡಿ ಕೊಡಿ ಅಂದಿತ್ತು. ನಾವು ದಾವಣಗೆರೆಯ ವಿನೋಬನಗರದಲ್ಲಿ ಹಸಿ, ಒಣ ಬೇರೆ ಬೇರೆ ಇಡುತ್ತೇವೆ. ಆದರೆ ಆ ಒಣ ಚೀಲದಲ್ಲಿ ಯಾವುದು ನಿಜವಾಗಿ ಮತ್ತೆ ಬಳಕೆಗೆ ಬರುತ್ತದೆ ಅನ್ನೋದು ಯಾರಿಗೆ ಗೊತ್ತು? ಗುಜರಿಯವರಿಗೆ ಗೊತ್ತಿರಲೇಬೇಕು, ಯಾಕಂದರೆ ಅವರ ಹೊಟ್ಟೆಪಾಡೇ ಅದು. ಹಾಗಂತ ಮನೆಯ ಒಣ ಕಸವನ್ನೆಲ್ಲ ಕೂಡಿಟ್ಟು, ಒಂದು ಭಾನುವಾರ ಬೆಳಿಗ್ಗೆ ಸ್ಕೂಟಿಯ ಕಾಲಿಡೋ ಜಾಗದಲ್ಲಿ ಚೀಲ ಇಟ್ಟುಕೊಂಡು ಗುಜರಿ ಅಂಗಡಿಗೆ ಹೋದೆ.

ಅಂಗಡಿಯ ಯಜಮಾನರು ವಯಸ್ಸಾದವರು. "ನನಗೆ ದುಡ್ಡು ಬೇಡ, ಯಾವುದು ಹೋಗುತ್ತೆ, ಯಾವುದು ಹೋಗಲ್ಲ ಅಂತ ತಿಳೀಬೇಕು" ಅಂದೆ. ನನ್ನನ್ನೊಮ್ಮೆ ನೋಡಿದರು. ಆಮೇಲೆ ಚೀಲವನ್ನು ನೆಲಕ್ಕೆ ಸುರಿದು, "ಕೂತ್ಕಳ್ರೀ ಅಕ್ಕಾರೆ" ಅಂತ ಒಂದು ಸ್ಟೂಲ್ ಕೊಟ್ಟರು.

ಕೈ ಎಷ್ಟು ಚುರುಕು ಅಂತೀರಿ! ರಟ್ಟು ಒಂದು ಕಡೆ, ನ್ಯೂಸ್‌ಪೇಪರ್ ಒಂದು ಕಡೆ, ಮಗಳ ಹಳೇ ನೋಟ್‌ಬುಕ್ ಬೇರೆ, ಅದಕ್ಕೆ ಬೆಲೆ ಬೇರೆ. ದಾರ ಕಟ್ಟಿದ ಒಂದು ಅಯಸ್ಕಾಂತ ಇಟ್ಟುಕೊಂಡಿದ್ದರು. ಡಬ್ಬಿಗೆ ಅಂಟಿದರೆ ತಗಡು, ಅಂಟದಿದ್ದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂಗೆ ಬೆಲೆ ಜಾಸ್ತಿ. ಅದಕ್ಕೆ ಕಾರಣವೂ ಇದೆ, ಅದಿರಿನಿಂದ ಹೊಸದಾಗಿ ತೆಗೆಯೋದಕ್ಕಿಂತ ಹಳೆಯದನ್ನು ಕರಗಿಸಿದರೆ ನೂರಕ್ಕೆ 95ರಷ್ಟು ವಿದ್ಯುತ್, ಇಂಧನ ಉಳಿಯುತ್ತದೆ.

ಬಾಟಲಿಗೂ ಮುಚ್ಚಳಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ಬಾಯಲ್ಲಿ ಹೇಳಲಿಲ್ಲ. ನೀರಿನ ಬಾಟಲಿಯಿಂದ ಒಂದು ಚೂರು ಕತ್ತರಿಸಿ, ಮುಚ್ಚಳದ ಜೊತೆ ಪಕ್ಕದ ಬಕೆಟ್ಟಿಗೆ ಹಾಕಿದರು. ಚೂರು ಸೀದಾ ತಳ ಸೇರಿತು. ಮುಚ್ಚಳದ ಒಳಗೆ ನೀರು ತುಂಬಿಸಿ ಒತ್ತಿದರೂ ಮತ್ತೆ ಮೇಲೆ ಬಂತು. ಎರಡೂ ಬೇರೆ ಬೇರೆ ಪ್ಲಾಸ್ಟಿಕ್, ಒಟ್ಟಿಗೆ ಕರಗಿಸಿದರೆ ಎರಡೂ ಕೆಡುತ್ತವೆ. ಕಾಮಿಕಾಟ್ಸು ಜನ ಮುಚ್ಚಳಕ್ಕೆ ಬೇರೆ ಡಬ್ಬ ಯಾಕೆ ಇಟ್ಟಿದ್ದಾರೆ ಅಂತ ನನಗೆ ಅರ್ಥವಾಗಿದ್ದು ಅವತ್ತು, ಆ ಬಕೆಟ್ ಮುಂದೆ. ಅವರು ಒಂದೊಂದು ಬಗೆಗೂ ಬೋರ್ಡ್ ಹಾಕಿಕೊಂಡಿದ್ದಾರೆ, ನಮ್ಮ ಗುಜರಿಯವರು ಬೋರ್ಡ್ ಇಲ್ಲದೇ ಅದೇ ಕೆಲಸ ಮಾಡುತ್ತಿದ್ದಾರೆ. ಇವರಿಗೆ ನಾವು ಕೊಡಬೇಕಾದಷ್ಟು ಗೌರವ ಕೊಡುತ್ತಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಊರಿನ ಎಷ್ಟೊಂದು ಕಸ ಕಸದ ರಾಶಿ ಸೇರದೇ ಉಳಿದಿರೋದು ಇವರಿಂದಲೇ ಅಲ್ವಾ?

ಕೊನೆಗೆ ನೆಲದ ಮೇಲೆ ಒಂದು ಗುಡ್ಡೆ ಉಳಿಯಿತು. "ಇದ್ಯಾವ್ದೂ ಹೋಗಲ್ರೀ" ಅಂದರು. ಚಿಪ್ಸ್, ಬಿಸ್ಕತ್ತಿನ ಹೊಳೆಯೋ ಪ್ಯಾಕೆಟ್ಟುಗಳು, ಶಾಂಪೂ ಸ್ಯಾಚೆ, ಕಾಫಿ ಕುಡಿದ ಪೇಪರ್ ಕಪ್ಪು, ಥರ್ಮಾಕೋಲ್, ಹೋಟೆಲಿನಿಂದ ಚಟ್ನಿ ಬಂದ ತೆಳು ಕವರ್, ಮಾತ್ರೆ ಶೀಟುಗಳು. ಹೊಳೆಯೋ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಪದರ ಪದರವಾಗಿ ಅಂಟಿರುತ್ತವೆ, ಬಿಡಿಸೋಕೆ ಆಗಲ್ಲ. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಲೇಪ ಇರುತ್ತದೆ. ಹಾಲಿನ ಕವರ್ ಮಾತ್ರ ತಗೊಳ್ಳುತ್ತೇವೆ, ಆದರೆ ತೊಳೆದು ಒಣಗಿಸಿ ಕೊಡಿ, ನಾತ ಹೊಡೆದರೆ ಬೇಡ ಅಂದರು.

ಆ ಗುಡ್ಡೆಯ ಫೋಟೋ ತೆಗೆದುಕೊಂಡು ಬಂದೆ. ನನಗೆ ಯಾವ ವಿಡಿಯೋಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಫೋಟೋ. ಗುಜರಿಯವರು ತಗೊಳ್ಳದ್ದನ್ನು ಮನೆಗೆ ತರೋದೇ ಬೇಡ ಅಂತ ಅಂಗಡಿಗೆ ಹೋದಾಗ ಅದನ್ನೇ ತೆಗೆದು ನೋಡಲು ಶುರು ಮಾಡಿದೆ.

ಚಿಪ್ಸ್ ಬಿಡಿಸೋದು ಕಷ್ಟ ಅಂದುಕೊಂಡಿದ್ದೆ, ಆದರೆ ದಾವಣಗೆರೆಯಲ್ಲಿ ಇದ್ದುಕೊಂಡು ಪ್ಯಾಕೆಟ್ ತಿಂಡಿ ಯಾಕೆ ಬೇಕು ಹೇಳಿ. ಅತ್ತೆ ಹಳೇ ಲುಂಗಿಯಲ್ಲಿ ದೊಡ್ಡ ಚೀಲ ಹೊಲಿದುಕೊಟ್ಟರು, ಅದರ ತುಂಬ ಮಂಡಕ್ಕಿ ತಂದಿಟ್ಟರೆ ಆಯಿತು. ಸಂಜೆ ಮಗಳೇ ಒಗ್ಗರಣೆ ಹಾಕಿ, ಶೇಂಗಾ, ಪುಟಾಣಿ, ಬೆಳ್ಳುಳ್ಳಿ ಸೇರಿಸಿ ಖಾರ ಮಂಡಕ್ಕಿ ಮಾಡುತ್ತಾಳೆ. ಶಾಂಪೂ ಸ್ಯಾಚೆ ಹೋಗಿ ಸೀಗೆಪುಡಿ ಬಂತು.

ಬೆಣ್ಣೆ ದೋಸೆ ಪಾರ್ಸೆಲ್ ತರೋದಕ್ಕೆ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಮೊದಲ ಸಲ ಹೋಟೆಲ್‌ನವರು, "ದೋಸೆ ಮೆತ್ತಗಾಗುತ್ತೆ ಮೇಡಂ" ಅಂದರು. ಮಾತು ನಿಜ, ಬಿಸಿ ದೋಸೆ ಹಾಕಿ ಮುಚ್ಚಳ ಬಿಗಿದರೆ ಹಬೆ ನೀರಾಗಿ ಕೆಳಗಿಳಿಯುತ್ತದೆ. ಅಗಲದ ಡಬ್ಬಿ ತಗೊಂಡು, ತಳಕ್ಕೆ ಬಾಳೆಲೆ ಹಾಕಿಸಿ, ಮುಚ್ಚಳ ಸ್ವಲ್ಪ ಓರೆ ಮಾಡಿ ತಂದರೆ ಮನೆ ಮುಟ್ಟೋವರೆಗೂ ಗರಿ ಉಳಿಯುತ್ತದೆ. ಚಟ್ನಿಗೆ, ಆಲೂಗಡ್ಡೆ ಪಲ್ಯಕ್ಕೆ ಬೇರೆ ಸಣ್ಣ ಡಬ್ಬಿ. ಈಗ ಅವರೇ ನನ್ನನ್ನು ನೋಡಿದ ಕೂಡಲೇ ಡಬ್ಬಿಗೆ ಕೈ ಚಾಚುತ್ತಾರೆ.

ಹಸಿ ಕಸದ್ದು ಸುಲಭ. ತೂತು ಹೊಡೆದ ಬಕೆಟ್, ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ಒಣಗಿದ ಹೊಂಗೆ ಎಲೆ, ಬೇಸಿಗೆಯಲ್ಲಿ ನಮ್ಮೂರ ಬಿಸಿಲಿಗೆ ಆಗಾಗ ನೀರು ಚಿಮುಕಿಸಬೇಕು, ಅಷ್ಟೇ. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಅಂತ ಅರ್ಥ.

ಹಾಲಿನ ಕವರ್ ವಿಷಯ ಅಕ್ಕಪಕ್ಕದವರಿಗೂ ಹೇಳಿದೆ. ತುದಿಯ ಚೂರು ಪೂರ್ತಿ ಕತ್ತರಿಸದೇ ಅಂಟಿಕೊಂಡಂತೆಯೇ ಬಿಟ್ಟರೆ ಆ ಚೂರೂ ಕಸಕ್ಕೆ ಬೀಳೋದಿಲ್ಲ. ಈಗ ನಮ್ಮ ಬೀದಿಯ ನಾಲ್ಕೈದು ಮನೆಯ ಬಟ್ಟೆ ತಂತಿಯ ಮೇಲೆ ಕವರ್‌ಗಳು ಒಣಗುತ್ತವೆ, ಒಟ್ಟು ಮಾಡಿ ಗುಜರಿ ಅಂಗಡಿಯ ಯಜಮಾನರಿಗೆ ತಲುಪಿಸುತ್ತೇವೆ.

ಮಾತ್ರೆ ಶೀಟಿಗೆ ಮಾತ್ರ ದಾರಿ ಸಿಕ್ಕಿಲ್ಲ. ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ, ಮಾತ್ರೆ ಬಿಡಿಸೋ ಹಾಗಿಲ್ಲ, ಖಾಲಿ ಶೀಟು ಒಂದು ಡಬ್ಬಿಯಲ್ಲಿ ತುಂಬುತ್ತಾ ಇವೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಇವನ್ನು ತಗೊಳ್ಳುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ತಂದು ಕೊಡುತ್ತೇನೆ.