ಎಷ್ಟು ಮಿಲಿ ಅನ್ನುವುದನ್ನು ಕೊನೆಗೆ ನೋಡಿ

ಮುಂಬೈಯ ಒಂದು ಆಸ್ಪತ್ರೆಯಲ್ಲಿ ನಾನು ಪರ್ಫ್ಯೂಷನಿಸ್ಟ್. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ಹಾರ್ಟ್-ಲಂಗ್ ಮೆಷಿನ್ ನಡೆಸುವುದು ನನ್ನ ಕೆಲಸ. ಆದರೆ ನಮ್ಮಲ್ಲಿ ಬೈಪಾಸ್ ಜಾಸ್ತಿ ಆಗುವುದು ಮಿಡಿಯುವ ಹೃದಯದ ಮೇಲೆಯೇ. ಆಗ ನನ್ನ ಮೆಷಿನ್ ತಯಾರಾಗಿ ಪಕ್ಕದಲ್ಲಿ ಸುಮ್ನೆ ನಿಂತಿರುತ್ತದೆ. ನಾನು ಫ್ಲೋ ಮೀಟರ್ ಮುಂದೆ ಇರುತ್ತೇನೆ. ಗ್ರಾಫ್ಟ್, ಅಂದರೆ ಬ್ಲಾಕ್ ದಾಟಿಸಿ ರಕ್ತ ಒಯ್ಯಲು ಜೋಡಿಸುವ ನಾಳ, ಹೊಲಿದು ಮುಗಿಸಿದ ಕೂಡಲೇ ಸರ್ಜನ್ ತಲೆ ಎತ್ತದೆ ಕೇಳುತ್ತಾರೆ: "ಕಿತಿ?"

ಮರಾಠಿಯಲ್ಲಿ ಎಷ್ಟು ಅಂತ. ಅವರು ಕೇಳುವುದು ಮಿಲಿ ಲೆಕ್ಕ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹರಿಯುತ್ತಿದೆ ಅಂತ. ಪರದೆಯ ಮೇಲೆ ಎದ್ದು ಕಾಣುವುದೂ ಅದೇ ಅಂಕಿ. ನನ್ನ ಕೇಳಿದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲ ದಿನವೇ ಇದನ್ನು ಹೇಳುತ್ತೇನೆ. ಅವರು ತಲೆ ಆಡಿಸುತ್ತಾರೆ, ಮರುದಿನ ಮತ್ತೆ ಮಿಲಿಯನ್ನೇ ಮೊದಲು ಕೂಗುತ್ತಾರೆ.

ಬೆರಳಿಟ್ಟು ಮಿಡಿತ ನೋಡಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಸಾಲದು. ಮುಂದೆ ದಾರಿ ಮುಚ್ಚಿದ್ದರೂ ಗ್ರಾಫ್ಟ್ ಬೆರಳಿಗೆ ಚೆನ್ನಾಗಿ ಮಿಡಿಯುತ್ತದೆ. ದಾದರ್ ಸ್ಟೇಷನ್ನಿನಲ್ಲಿ ತುಂಬಿದ ಲೋಕಲ್‌ಗೆ ಜನ ನುಗ್ಗುವುದನ್ನು ನೋಡಿದ್ದೀರಲ್ಲ? ಬಾಗಿಲಲ್ಲಿ ತಳ್ಳಾಟ ಜೋರು, ಒಳಗೆ ಒಬ್ಬನೂ ಹೋಗಿರುವುದಿಲ್ಲ. ಬೆರಳಿಗೆ ಸಿಗುವುದು ಆ ತಳ್ಳಾಟ ಮಾತ್ರ. ಆದ್ದರಿಂದಲೇ ಮೀಟರ್ ಬೇಕು. ಯುರೋಪಿನ ಹೃದ್ರೋಗ ತಜ್ಞರ ಮತ್ತು ಹೃದಯ ಸರ್ಜನ್‌ಗಳ ಸಂಘಗಳು 2018ರ ಮಾರ್ಗಸೂಚಿಯಲ್ಲಿ ಇದನ್ನು ಪ್ರತಿ ಆಪರೇಷನ್ನಿನಲ್ಲೂ ಮಾಡುವ ಬಗ್ಗೆ ಯೋಚಿಸಬೇಕು ಅಂದಿವೆ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಇದರ ಪರವಾಗಿ ಸಲಹೆ ಕೊಟ್ಟಿತ್ತು.

ಪ್ರೋಬ್ ಅಂದರೆ ಒಂದು ಸಣ್ಣ ಕೊಕ್ಕೆ. ಗ್ರಾಫ್ಟನ್ನು ಅದರೊಳಗೆ ಕೂರಿಸಬೇಕು. ಕೊಕ್ಕೆಯಿಂದ ಅಲ್ಟ್ರಾಸೌಂಡ್ ಒಮ್ಮೆ ರಕ್ತ ಹರಿಯುವ ದಿಕ್ಕಿಗೆ ಹೋಗುತ್ತದೆ, ಒಮ್ಮೆ ಎದುರು ದಿಕ್ಕಿಗೆ. ಹರಿವಿನ ಜೊತೆ ಹೋದದ್ದು ಬೇಗ ಮುಟ್ಟುತ್ತದೆ, ಎದುರು ಹೋದದ್ದು ಒಂಚೂರು ತಡ. ಆ ವ್ಯತ್ಯಾಸದಿಂದ ಮೆಷಿನ್ ಹರಿವನ್ನು ಲೆಕ್ಕ ಹಾಕುತ್ತದೆ. ಪ್ರೋಬ್ ಸೈಜ್ ಸರಿ ಇರಬೇಕು. ತೀರಾ ಚಿಕ್ಕದಾದರೆ ಗ್ರಾಫ್ಟನ್ನೇ ಹಿಂಡುತ್ತದೆ, ದೊಡ್ಡದಾದರೆ ನಡುವೆ ಗಾಳಿ ಉಳಿಯುತ್ತದೆ. ಗಾಳಿ ಇದ್ದಲ್ಲಿ ಅಲ್ಟ್ರಾಸೌಂಡ್ ದಾಟುವುದಿಲ್ಲ. ಅದಕ್ಕೆ ಸಲೈನ್ ಅಥವಾ ಸ್ಟೆರೈಲ್ ಜೆಲ್ಲಿ ಹಾಕುತ್ತೇವೆ. ಎದೆಗೂಡಿನಿಂದ ಇಳಿಸಿದ ಲಿಮಾ (ಎದೆಗೋಡೆಯ ಒಳಗಿನ ಎಡ ಅಪಧಮನಿ, ಅದನ್ನೇ ಗ್ರಾಫ್ಟ್ ಮಾಡುತ್ತಾರೆ) ಸುತ್ತ ಕೊಬ್ಬು, ಮಾಂಸ ಅಂಟಿಕೊಂಡಿದ್ದರೆ ಒಂದೆರಡು ಸೆಂಟಿಮೀಟರ್ ಬಿಡಿಸಿಕೊಡಿ ಅಂತ ಕೇಳಬೇಕಾಗುತ್ತದೆ. ಸಂಪರ್ಕ ಚೆನ್ನಾಗಿದೆಯೋ ಇಲ್ಲವೋ ಅಂತ ಮೆಷಿನ್ನೇ ಬಣ್ಣದಲ್ಲಿ ತೋರಿಸುತ್ತದೆ. ಹಸಿರು ಬರುವವರೆಗೆ ನಾನು ಬಾಯಿ ತೆರೆಯುವುದಿಲ್ಲ. ಸರ್ಜನ್ ಎರಡು ಸಲ "ಕಿತಿ" ಅಂದರೂ ಸರಿ.

ಆಮೇಲೆ ನೋಡಬೇಕಾದ್ದು ಅಲೆ, ಅಂದರೆ ಪ್ರತಿ ಮಿಡಿತದಲ್ಲೂ ಹರಿವು ಏರಿಳಿಯುವುದನ್ನು ಪರದೆಯ ಮೇಲೆ ತೋರಿಸುವ ಗೆರೆ. ನನ್ನ ಪ್ರಕಾರ ಇಡೀ ಪರದೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಹೃದಯದ ಎಡಭಾಗದ ಸ್ನಾಯು ಹಿಂಡಿಕೊಂಡಾಗ, ಅಂದರೆ ಸಿಸ್ಟೋಲ್‌ನಲ್ಲಿ, ಅದರೊಳಗಿನ ರಕ್ತನಾಳಗಳೂ ಹಿಂಡಿ ಹೋಗುತ್ತವೆ. ಸಡಿಲವಾದಾಗಲೇ, ಅಂದರೆ ಡಯಾಸ್ಟೋಲ್‌ನಲ್ಲೇ, ರಕ್ತ ಹೆಚ್ಚಾಗಿ ಒಳಗೆ ಇಳಿಯುವುದು. ಹಾಗಾಗಿ ಎಲ್‌ಎಡಿಗೆ (ಹೃದಯದ ಎಡಭಾಗದ ಮುಂದಿನ ಮುಖ್ಯ ರಕ್ತನಾಳ) ಹೊಲಿದ ಒಳ್ಳೆಯ ಗ್ರಾಫ್ಟ್‌ನ ಅಲೆಯಲ್ಲಿ ಮೊದಲು ಒಂದು ಚಿಕ್ಕ ಉಬ್ಬು, ಹಿಂದೆಯೇ ಅಗಲವಾದ ದೊಡ್ಡ ಉಬ್ಬು. ಹರಿವಿನ ಅರ್ಧಕ್ಕಿಂತ ಹೆಚ್ಚು ಆ ಎರಡನೆಯದರಲ್ಲಿ ಇರಬೇಕು. ಬಲಭಾಗದ ಗ್ರಾಫ್ಟ್‌ನಲ್ಲಿ ಸಿಸ್ಟೋಲ್ ಪಾಲು ಸ್ವಲ್ಪ ಜಾಸ್ತಿ ಇದ್ದರೂ ಗಾಬರಿ ಬೇಡ. ಬರೀ ಸಿಸ್ಟೋಲ್‌ನಲ್ಲಿ ಸೂಜಿಯಂಥ ಮೊನೆ ಎದ್ದು, ಆಮೇಲೆ ಗೆರೆ ಸೊನ್ನೆಯ ಹತ್ತಿರ ಮಲಗಿದ್ದರೆ ಏನೋ ಅಡ್ಡ ಇದೆ ಅಂತ ಅರ್ಥ. ಇದು ಗೊತ್ತಾಗಬೇಕಾದರೆ ಇಸಿಜಿ ವೈರ್ ಮೀಟರ್‌ಗೆ ಜೋಡಿಸಿರಬೇಕು. ಅವಸರದಲ್ಲಿ ಅದನ್ನು ಜೋಡಿಸದೆ ಬಿಡುವವರಿದ್ದಾರೆ, ಆಗ ಯಾವ ಉಬ್ಬು ಯಾವುದು ಅಂತ ಊಹೆಯೇ ಗತಿ. ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವುದು) ನಡೆಯುವಾಗ ಅಳೆಯುವುದೂ ವ್ಯರ್ಥ, ಗೆರೆಯೆಲ್ಲ ಹಾಳಾಗುತ್ತದೆ.

ಈ ಆಕಾರವನ್ನೇ ಒಂದು ಅಂಕಿಯಾಗಿ ಹೇಳುವುದು ಪಿಐ, ಪಲ್ಸಟಿಲಿಟಿ ಇಂಡೆಕ್ಸ್. ಅತಿ ಹೆಚ್ಚಿನ ಹರಿವಿನಿಂದ ಅತಿ ಕಡಿಮೆ ಹರಿವನ್ನು ಕಳೆದು, ಸರಾಸರಿಯಿಂದ ಭಾಗಿಸಿದರೆ ಸಿಗುತ್ತದೆ. 5 ದಾಟಿದರೆ ಎಲ್ಲರೂ ಎಚ್ಚರವಾಗುತ್ತಾರೆ, 3ರ ಒಳಗಿದ್ದರೆ ನೆಮ್ಮದಿ. ಯುರೋಪಿನ 2010ರ ಮಾರ್ಗಸೂಚಿ 20 ಮಿಲಿಗಿಂತ ಕಡಿಮೆ ಹರಿವು ಮತ್ತು 5ಕ್ಕಿಂತ ಹೆಚ್ಚು ಪಿಐ ಅನ್ನು ಕೆಟ್ಟ ಗ್ರಾಫ್ಟ್‌ನ ಗುರುತು ಅಂದಿತ್ತು. ಒಂದು ಮಾತು: ಮೆಷಿನ್ನಿನ ಫಿಲ್ಟರ್ ಸೆಟ್ಟಿಂಗ್ ಬದಲಾದರೆ ಅದೇ ಗ್ರಾಫ್ಟ್‌ನ ಪಿಐ ಕೂಡ ಬದಲಾಗುತ್ತದೆ. ಬೇರೆ ಕಂಪನಿಯ ಮೆಷಿನ್ನಿನ ಪಿಐ ಜೊತೆ ನಮ್ಮದನ್ನು ಹೋಲಿಸಿ ಜಗಳ ಆಡುವುದರಲ್ಲಿ ಅರ್ಥ ಇಲ್ಲ.

ಇಷ್ಟಾದ ಮೇಲೆ ಮಿಲಿ. ಅದೂ ಒಂಟಿಯಾಗಿ ಅಲ್ಲ, ಬಿಪಿ ಜೊತೆಗೆ. ಸರಾಸರಿ ಒತ್ತಡ 50 ಇದ್ದಾಗ ಸಿಗುವ ಹರಿವಿಗೂ 80 ಇದ್ದಾಗ ಸಿಗುವ ಹರಿವಿಗೂ ಹೋಲಿಕೆಯೇ ಇಲ್ಲ.

ಒಮ್ಮೆ ಲಿಮಾವನ್ನು ಎಲ್‌ಎಡಿಗೆ ಹೊಲಿದಿದ್ದರು. ಹೃದಯವನ್ನು ಸ್ಟೆಬಿಲೈಜರ್‌ನಲ್ಲಿ ಎತ್ತಿ ಹಿಡಿದಿದ್ದಾಗ ಅಳೆದೆವು. ಹರಿವು 40ರ ಮೇಲೆ, ಪಿಐ 2ರ ಆಸುಪಾಸು, ಅಲೆ ಚಂದ. ಉಳಿದ ಗ್ರಾಫ್ಟ್‌ಗಳೆಲ್ಲ ಮುಗಿದು, ಹೃದಯ ತನ್ನ ಜಾಗಕ್ಕೆ ಮರಳಿ, ರಕ್ತ ಮತ್ತೆ ಹೆಪ್ಪುಗಟ್ಟುವಂತೆ ಮಾಡುವ ಪ್ರೋಟಮಿನ್ ಕೊಟ್ಟ ಮೇಲೆ ಮತ್ತೆ ಅಳೆದರೆ ಹರಿವು 10 ಕೂಡ ಇಲ್ಲ, ಪಿಐ 8. ಸರ್ಜನ್ ಬೆರಳಿಟ್ಟು ನೋಡಿದರು, ಮಿಡಿತ ಜೋರಾಗಿತ್ತು. "ಬಿಪಿ ಕಡಿಮೆ ಇರಬೇಕು" ಅಂದರು. ನಿಜಕ್ಕೂ ಕಡಿಮೆ ಇತ್ತು. ಅನೆಸ್ತೀಷಿಯಾ ಡಾಕ್ಟರ್ ಅದನ್ನು 80ಕ್ಕೆ ತಂದರು. ಹರಿವು ಒಂದೆರಡು ಮಿಲಿ ಏರಿತು, ಅಲೆ ಮಾತ್ರ ಹಾಗೇ ಇತ್ತು. ಆಗ ನಾನು ಮಿಲಿ ಹೇಳಲೇ ಇಲ್ಲ. "ಸರ್, ಡಯಾಸ್ಟೋಲ್ ಖಾಲಿ ಇದೆ" ಅಂದೆ.

ಅವರು ಹೊಲಿಗೆ ಬಿಚ್ಚಲಿಲ್ಲ. ಮೊದಲು ಲಿಮಾ ಬಂದ ದಾರಿಯನ್ನೇ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಹೃದಯ ಎತ್ತಿದ್ದಾಗ ನೆಟ್ಟಗಿದ್ದ ನಾಳ, ಹೃದಯ ಕೆಳಗಿಳಿದು ಶ್ವಾಸಕೋಶ ಉಬ್ಬಿದಾಗ ಹೃದಯದ ಸುತ್ತಲಿನ ಚೀಲವಾದ ಪೆರಿಕಾರ್ಡಿಯಂನ ಅಂಚಿಗೆ ತಾಗಿ ಮಡಚಿಕೊಂಡಿತ್ತು. ಆ ಅಂಚನ್ನು ಇನ್ನಷ್ಟು ಸೀಳಿ ದಾರಿ ಬಿಡಿಸಿದರು. ಮತ್ತೆ ಅಳೆದಾಗ ದೊಡ್ಡ ಉಬ್ಬು ವಾಪಸ್ ಬಂದಿತ್ತು. ಎರಡನೇ ಸಲ ಅಳೆಯದೇ ಹೋಗಿದ್ದರೆ ಮೊದಲಿನ ಚಂದದ ಪ್ರಿಂಟ್ ಫೈಲ್‌ಗೆ ಸೇರಿ ಎದೆ ಮುಚ್ಚಿ ಆಗಿರುತ್ತಿತ್ತು. ಎಲ್ಲ ಸಲವೂ ಮಡಿಕೆಯೇ ಕಾರಣ ಅಂತಲ್ಲ. ಕೆಲವೊಮ್ಮೆ ನಾಳ ಸೆಟೆದುಕೊಂಡಿರುತ್ತದೆ, ನಾಳವನ್ನು ಸಡಿಲಿಸುವ ಪಾಪವೆರಿನ್ ಹಾಕಿ ಸ್ವಲ್ಪ ಕಾದರೆ ಸರಿಹೋಗುತ್ತದೆ. ಕಾಲಿನಿಂದ ತೆಗೆದ ನಾಳ ಉದ್ದ ಜಾಸ್ತಿಯಾಗಿ ಸೊಟ್ಟಗಾಗಿರಬಹುದು, ಇಲ್ಲವೇ ತಿರುಚಿರಬಹುದು. ಹೊಲಿಗೆಯಲ್ಲೇ ತೊಂದರೆ ಇದ್ದರೆ ಮತ್ತೆ ಹೊಲಿಯಲೇಬೇಕು.

ಅಂಕಿ ಕೆಟ್ಟದಾಗಿದ್ದೂ ಗ್ರಾಫ್ಟ್ ಸರಿಯಾಗಿರುವುದೂ ಉಂಟು. ಹಳೆಯ ನಾಳದ ಬ್ಲಾಕ್ ಅಷ್ಟೊಂದು ಬಿಗಿ ಇಲ್ಲದಿದ್ದರೆ ಅದರಲ್ಲೂ ರಕ್ತ ಬರುತ್ತಿರುತ್ತದೆ. ಎರಡು ದಾರಿಗಳೂ ಪೈಪೋಟಿಗೆ ಬಿದ್ದು ಗ್ರಾಫ್ಟ್‌ನಲ್ಲಿ ಹರಿವು ಇಳಿಯುತ್ತದೆ, ಪಿಐ ಏರುತ್ತದೆ, ಒಂದಿಷ್ಟು ರಕ್ತ ಹಿಂದಕ್ಕೂ ಬರುತ್ತದೆ. ಆಗ ಸರ್ಜನ್ ಹೊಲಿಗೆಗಿಂತ ಮೇಲೆ ಹಳೆಯ ನಾಳವನ್ನು ಸ್ನೇರ್‌ನಿಂದ (ಸುತ್ತ ಹಾಕಿದ ಕುಣಿಕೆ) ಒಂದು ಕ್ಷಣ ಮೆಲ್ಲಗೆ ಬಿಗಿಯುತ್ತಾರೆ. ಹರಿವು ಏರಿ ಪಿಐ ಇಳಿದರೆ ಗ್ರಾಫ್ಟ್‌ನಲ್ಲಿ ದೋಷ ಇಲ್ಲ. ಆಗ ಬಿಚ್ಚಿ ಹೊಲಿದರೂ ಲಾಭ ಇಲ್ಲ.

ಇದಕ್ಕೆ ಉಲ್ಟಾ ಕೂಡ ಇದೆ, ಅದು ಹೆಚ್ಚು ಮೋಸದ್ದು. ಒಂದೇ ನಾಳವನ್ನು ಎರಡು ಕಡೆ ಹೊಲಿಯುತ್ತಾರಲ್ಲ, ಅದರ ಬುಡದಲ್ಲಿ ಅಳೆದರೆ ಎರಡರ ಮೊತ್ತ ಸಿಗುತ್ತದೆ. ಮೊದಲನೆಯ ಹೊಲಿಗೆ ಒಂದೇ ಚೆನ್ನಾಗಿದ್ದರೂ ಸಾಕು, 50 ಮಿಲಿ ಕಾಣಬಹುದು. ಕೊನೆಯ ಹೊಲಿಗೆ ಮುಚ್ಚಿರುವುದು ಗೊತ್ತೇ ಆಗುವುದಿಲ್ಲ. ಎರಡು ಹೊಲಿಗೆಗಳ ನಡುವಿನ ತುಂಡಿನಲ್ಲೂ ಪ್ರೋಬ್ ಇಡಲೇಬೇಕು. ಜಾಗ ಇಕ್ಕಟ್ಟು, ಸರ್ಜನ್‌ಗೆ ಕಿರಿಕಿರಿ, ಆದರೂ ನಾನು ಕೇಳುತ್ತೇನೆ.

ವಾರ್ಡ್‌ನಲ್ಲಿ ಕನ್ನಡದ ಪೇಷಂಟ್ ಇದ್ದರೆ ಮಾತಾಡಿಸಲು ಸಿಸ್ಟರ್ ನನ್ನನ್ನು ಕರೆಯುತ್ತಾರೆ. ಹಾಗೆ ಒಮ್ಮೆ ಹೋದಾಗ ನಮ್ಮ ಕರಾವಳಿ ಕಡೆಯ ಒಬ್ಬರ ಮಗ ಫೈಲ್ ಹಿಡಿದು ನಿಂತಿದ್ದ. "ಅಣ್ಣ, ಅಪ್ಪನಿಗೆ ಒಂದು ಕಡೆ 52 ಅಂತ ಉಂಟು, ಇನ್ನೊಂದು ಕಡೆ ಬರೀ 18. ಒಂದು ಫೇಲ್ ಆಯ್ತಾ?" ಅಂತ ಕೇಳಿದ. ಆ 18 ಹೋಗುತ್ತಿದ್ದದ್ದು ಒಂದು ಸಣ್ಣ ಕವಲಿಗೆ. ಪಿಐ 2, ಅಲೆ ಸರಿಯಾಗಿತ್ತು. ಆ ಕವಲು ಸಾಕುವ ಸ್ನಾಯುವೇ ಸ್ವಲ್ಪ, ಅದಕ್ಕೆ ಬೇಕಾದ್ದೂ ಸ್ವಲ್ಪ. ಅದನ್ನೇ ಬಿಡಿಸಿ ಹೇಳಿದೆ. "ಪಕ್ಕದ ಬೆಡ್ಡಿನವರಿಗೆ 70 ಇದೆಯಂತಲ್ಲ" ಅಂದ. ಪಕ್ಕದವರ ನಾಳ ದೊಡ್ಡದು ಮಾರಾಯ, ಅವರ ಲೆಕ್ಕ ಅವರಿಗೆ ಅಂದೆ. ಇವತ್ತು ಚೆನ್ನಾಗಿ ಹರಿದದ್ದು ಮುಂದೆಯೂ ಹರಿಯುತ್ತದೆ ಅಂತ ಈ ಕಾಗದ ಬರೆದುಕೊಡುವುದಿಲ್ಲ ಅಂತಲೂ ಹೇಳಿದೆ. ಲಿಮಾ ಹತ್ತು ವರ್ಷ ಕಳೆದರೂ ಸಾಮಾನ್ಯವಾಗಿ ತೆರೆದೇ ಇರುತ್ತದೆ, ಕಾಲಿನ ನಾಳ ಅಷ್ಟು ಗಟ್ಟಿಯಲ್ಲ. ಡಾಕ್ಟರ್ ಬರೆದ ಮಾತ್ರೆ ಬಿಡಬಾರದು, ಸಿಗರೇಟ್ ಹತ್ತಿರ ಸುಳಿಯಬಾರದು. ಮಿಕ್ಕದ್ದನ್ನು ಸರ್ಜನ್ ಹತ್ತಿರವೇ ಕೇಳು ಅಂತ ಕಳಿಸಿದೆ.

ಈಗ ನಮ್ಮ ಫೈಲ್‌ನಲ್ಲಿ ಪ್ರತಿ ಗ್ರಾಫ್ಟ್‌ಗೂ ಒಂದು ಪ್ರಿಂಟ್ ಇರುತ್ತದೆ, ಎದೆ ಮುಚ್ಚುವ ಮುಂಚೆ ಅಳೆದದ್ದು. ಸರಿಪಡಿಸಿದ್ದರೆ ಹಿಂದಿನ ಕೆಟ್ಟ ಅಲೆಯ ಪ್ರಿಂಟನ್ನೂ ಜೊತೆಗೆ ಪಿನ್ ಮಾಡುತ್ತೇವೆ. ಬಿಪಿ ಎಷ್ಟಿತ್ತು, ಯಾವ ಸೈಜ್ ಪ್ರೋಬ್, ಸ್ನೇರ್ ಬಿಗಿದಿತ್ತೋ ಬಿಟ್ಟಿತ್ತೋ ಅನ್ನುವುದನ್ನು ಅಂಚಿನಲ್ಲಿ ಪೆನ್ನಿನಿಂದ ನಾನೇ ಬರೆಯುತ್ತೇನೆ.